ಒದ್ದೆ ನೆಲಕ್ಕೆ ಸದ್ದಿಲ್ಲದ ಬೇಟೆ ಪ್ಯಾಂಟ್: ಮೂರು ಋತುಗಳ ಬಳಕೆಯ ನಂತರ

ಜೌಗು ನೆಲ ದಾಟಿ, ಸೊಂಟದೆತ್ತರದ ಹುಲ್ಲಿನಲ್ಲಿ ನಡೆದು, ಜಿಂಕೆಗಾಗಿ ಗಂಟೆಗಟ್ಟಲೆ ಅಲುಗಾಡದೆ ಕೂರುವವರಿಗೆ ಒದ್ದೆಯಾಗದ, ಸದ್ದೂ ಮಾಡದ ಪ್ಯಾಂಟ್ ಬೇಕು. ಈ ಎರಡು ಗುಣಗಳು ಒಂದೇ ಬಟ್ಟೆಯಲ್ಲಿ ಸುಲಭವಾಗಿ ಕೂಡಿಬರುವುದಿಲ್ಲವೆಂದು ನಾನು ಮೊದಲು ಕೊಂಡ ನೈಲಾನ್ ಮಳೆಪ್ಯಾಂಟಿನಿಂದಲೇ ತಿಳಿಯಿತು. ಅದರೊಳಗೆ ಒಂದು ಹನಿ ನೀರೂ ಇಳಿಯಲಿಲ್ಲ, ಆದರೆ ತೊಡೆಗೆ ತೊಡೆ ಉಜ್ಜಿದಾಗಲೆಲ್ಲ ಕಾಗದ ಮುದುರಿದಂತೆ ಸರಸರ ಎನ್ನುತ್ತಿತ್ತು. ನಮ್ಮ ಕಿವಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳಿಸಿದರೆ, ಬಿಳಿಬಾಲದ ಜಿಂಕೆಗೆ ಸುಮಾರು 30ರವರೆಗೂ ಕೇಳಿಸುತ್ತದೆ. ನಮಗೆ ಸಣ್ಣದೆನಿಸುವ ಸರಸರ ಅದಕ್ಕೆ ಸಣ್ಣದಲ್ಲ.

ಈಗ ತೊಡುತ್ತಿರುವ ಪ್ಯಾಂಟಿನ ಹೊರಮೈ ಪಾಲಿಯೆಸ್ಟರಿನದು. ಎಳೆಗಳನ್ನು ಬ್ರಷ್ ಮಾಡಿ ನವಿರಾದ ರೋಮ ಎಬ್ಬಿಸಿದ್ದಾರೆ, ಅದರ ಹಿಂದೆ ನೀರು ತಡೆಯುವ ತೆಳುವಾದ ಮೆಂಬ್ರೇನ್ ಅಂಟಿಸಿದ್ದಾರೆ. ಕೊಳ್ಳುವ ಮುನ್ನ ತೊಡೆಯ ಭಾಗವನ್ನು ಉಗುರಿನಿಂದ ಗೀರಿ ಕಿವಿಗೊಟ್ಟೆ, ಕುಕ್ಕರಗಾಲಿನಲ್ಲಿ ಕೂತು ಎದ್ದೆ. ಲೇಬಲ್ಲಿನಲ್ಲಿ ಬರೆದಿರುವ ಅಂಕಿಗಳಿಗಿಂತ ಈ ಪರೀಕ್ಷೆಯೇ ಹೆಚ್ಚು ಹೇಳುತ್ತದೆ. 10,000 ಮಿಲಿಮೀಟರ್ ಎಂದರೆ ಅಷ್ಟೆತ್ತರದ ನೀರಿನ ಕಂಬದ ಒತ್ತಡವನ್ನು ಬಟ್ಟೆ ತಡೆಯುತ್ತದೆ ಎಂದರ್ಥ. ಮಳೆಗೆ ಅದು ಧಾರಾಳವಾಯಿತು. ಆದರೆ ಕೆಸರಿನಲ್ಲಿ ಮಂಡಿಯೂರಿದಾಗ ಮೈಭಾರವೆಲ್ಲ ಅಂಗೈಯಗಲದ ಜಾಗಕ್ಕೆ ಬೀಳುವುದರಿಂದ ಮೊಣಕಾಲು ಮತ್ತು ಕೂರುವ ಭಾಗಗಳಲ್ಲಿ ಬಟ್ಟೆ ಇನ್ನೂ ಗಟ್ಟಿಯಾಗಿರಬೇಕು. ಇದರಲ್ಲಿ ಅಲ್ಲಿ ಎರಡು ಪದರಗಳಿವೆ, ಮತ್ತು ಮೂರು ಋತುಗಳಲ್ಲಿ ನನ್ನ ಮೊಣಕಾಲು ಒಮ್ಮೆಯೂ ನೆನೆದಿಲ್ಲ.

ಮೊದಲ ಋತುವಿನಲ್ಲಿ ಹುಲ್ಲಿನ ಇಬ್ಬನಿ ತೊಡೆಯ ಮೇಲೆ ಮಣಿಗಳಂತೆ ನಿಂತು ಉರುಳಿ ಹೋಗುತ್ತಿತ್ತು. ಎರಡನೆಯದರಲ್ಲಿ ಅದೇ ಜಾಗದಲ್ಲಿ ಕಪ್ಪಗಿನ ಒದ್ದೆ ಕಲೆಗಳು ಕಾಣಿಸಿಕೊಂಡವು. ನೀರು ಒಳಗೆ ಬಂದಿರಲಿಲ್ಲ, ಆದರೆ ಹೊರಮೈ ನೀರು ಕುಡಿದು ಭಾರವಾಗಿತ್ತು. ಬೆವರಿನ ಆವಿಗೆ ಹೊರದಾರಿ ಮುಚ್ಚಿ ಕಾಲು ತಣ್ಣಗೆ ಜಿಗುಟಾಯಿತು. ಇದನ್ನೇ ಅನೇಕರು ಮೆಂಬ್ರೇನ್ ಸೋರುತ್ತಿದೆ ಎಂದು ತಪ್ಪಾಗಿ ತಿಳಿದು ಪ್ಯಾಂಟನ್ನೇ ಬಿಸಾಡುತ್ತಾರೆ. ಸವೆದಿರುವುದು ಹೊರಮೈಯ ನೀರುಜಾರುವ ಲೇಪ ಮಾತ್ರ. ಸಾಫ್ಟ್‌ನರ್ ಇಲ್ಲದ ದ್ರವ ಸೋಪಿನಲ್ಲಿ ತೊಳೆದು, ಎರಡು ಬಾರಿ ಜಾಲಿಸಿ, ಡ್ರೈಯರಿನ ಕಡಿಮೆ ಶಾಖದಲ್ಲಿ ಒಣಗಿಸಿದ ಮೇಲೆ ಹನಿಗಳು ಮತ್ತೆ ಮಣಿಯಾದವು. ಮೂರನೆಯ ಋತುವಿಗೆ ಮಾತ್ರ ಹೊಸ ಲೇಪವನ್ನು ಸಿಂಪಡಿಸಬೇಕಾಯಿತು. ಬಟ್ಟೆಗೆ ಹೊಳಪು ಕೊಡುವ ಸೋಪಿನ ಪುಡಿಯನ್ನಂತೂ ದೂರವಿಡಬೇಕು: ಜಿಂಕೆಯ ಕಣ್ಣಿಗೆ ನೀಲಿ ಬೆಳಕು ಚೆನ್ನಾಗಿ ಕಾಣುತ್ತದೆ, ಆ ಹೊಳಪು ನೀಲಿಯಾಗಿಯೇ ಮಿನುಗುತ್ತದೆ.

ದೋಷಗಳೂ ಇವೆ. ಕಾಲಿನ ಅಂಚನ್ನು ಬಿಗಿಯಲು ವೆಲ್ಕ್ರೋ ಪಟ್ಟಿ ಇಟ್ಟಿದ್ದರು. ಒಂದು ಮುಂಜಾನೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ಹೆಣ್ಣುಜಿಂಕೆಯೊಂದು ತಲೆ ತಗ್ಗಿಸಿ ಮೇಯುತ್ತಿದ್ದಾಗ, ಹುಲ್ಲಿಗೆ ಸಿಕ್ಕಿದ್ದ ಆ ಪಟ್ಟಿ ನಾನು ಕಾಲು ಮಡಚಿದ ಕೂಡಲೇ ಪರ್ರೆಂದು ಬಿಚ್ಚಿಕೊಂಡಿತು. ಜಿಂಕೆಯ ಕಿವಿಗಳೆರಡೂ ನನ್ನತ್ತ ತಿರುಗಿದವು, ಮರುಕ್ಷಣ ಬಿಳಿಬಾಲ ಮಾತ್ರ ಕಂಡಿತು. ಇಷ್ಟು ಶ್ರಮಪಟ್ಟು ಮೌನವಾಗಿಸಿದ ಬಟ್ಟೆಗೆ ಅಂಥ ಪಟ್ಟಿ ಹಚ್ಚಿದ್ದು ನನಗೆ ಇಂದಿಗೂ ಬೇಸರ ತರುತ್ತದೆ. ಅದನ್ನು ಕಿತ್ತು ಬಟನ್ ಹೊಲಿಸಿಕೊಂಡೆ. ಎರಡನೆಯ ವರ್ಷ ತೊಡೆಸಂದಿನ ಹೊಲಿಗೆಯ ಒಳಗಿನ ಟೇಪು ಒಂದು ಬೆರಳುದ್ದ ಬಿಟ್ಟುಕೊಂಡಿತು. ಮಾರಿದವರು ಸವೆತವೆಂದು ಕೈತೊಳೆದುಕೊಂಡರು, ಅಂಟು ಹಚ್ಚಿ ನಾನೇ ಸರಿಪಡಿಸಿದೆ.

ದಿನವಿಡೀ ಬೆಟ್ಟ ಹತ್ತಿ ಇಳಿಯುವವರಿಗೆ ನಾನು ಇದನ್ನು ಹೇಳುವುದಿಲ್ಲ. ಅವರಿಗೆ ಮೆಂಬ್ರೇನ್ ಇಲ್ಲದ, ಬೇಗ ಒಣಗುವ, ಬ್ರಷ್ ಮಾಡಿದ ಬಟ್ಟೆಯೇ ಹಿತ. ಸ್ವಲ್ಪ ನಡೆದು ಬಹಳ ಹೊತ್ತು ಒದ್ದೆಯಲ್ಲಿ ಕೂರುವವರು ಇದನ್ನು ಕೊಳ್ಳಬಹುದು, ಆದರೆ ಪ್ಯಾಂಟಿನ ಅಂಚು ಬೂಟಿನ ಹೊರಗೇ ಇರಲಿ. ಒಳಗೆ ಸಿಕ್ಕಿಸಿದರೆ ತೊಡೆಯಿಂದ ಜಾರಿದ ನೀರೆಲ್ಲ ನೇರವಾಗಿ ಕಾಲುಚೀಲಕ್ಕೆ ಇಳಿಯುತ್ತದೆ.