ಬೋಟಿನ ಎಐಎಸ್ ಪೆಟ್ಟಿಗೆ: ಹಡಗಿನಿಂದ ಉಳಿಸುತ್ತೆ, ಕಳ್ಳನನ್ನು ಹಿಡಿಯಲ್ಲ

ಐದಕ್ಕೆ ಮೂರೂವರೆ ಸ್ಟಾರ್. ಆ ಮೂರೂವರೆ ಪೂರ್ತಿ ಎಐಎಸ್ ಪೆಟ್ಟಿಗೆಗೆ, ಅಂದರೆ ಬೋಟು ಎಲ್ಲಿದೆ ಅಂತ ಸುತ್ತಲಿನ ಹಡಗುಗಳಿಗೆ ರೇಡಿಯೋದಲ್ಲಿ ತಾನೇ ಹೇಳುವ ಯಂತ್ರಕ್ಕೆ. ಮಾರಿದ ಅಂಗಡಿಗೆ ಅರ್ಧವೂ ಇಲ್ಲ. ಅಂಗಡಿ ಮತ್ತು ಕಂಪನಿಯ ಹೆಸರು ಬರೆಯಲ್ಲ, ಸುಮ್ನೆ ಜಗಳ ಬೇಡ.

ನಮ್ಮದು ಕಾರವಾರದ ಬೈತಖೋಲ ಬಂದರಿನ ಬೋಟು, 20 ಮೀಟರಿಗಿಂತ ಸ್ವಲ್ಪ ಉದ್ದ. 2008ರಲ್ಲಿ ಮುಂಬೈಗೆ ದಾಳಿ ಮಾಡಲು ಬಂದವರು ದಾರಿಯಲ್ಲಿ ಗುಜರಾತಿನ ‘ಕುಬೇರ್’ ಎಂಬ ಮೀನಿನ ಬೋಟು ಹಿಡಿದು, ಅದರಲ್ಲೇ ಬಂದರು. ಅಲ್ಲಿಂದ ಕರಾವಳಿಯ ಕಾಯ್ದೆಕಾನೂನೆಲ್ಲ ಬಿಗಿಯಾಯ್ತು. ನಮ್ಮಷ್ಟು ಉದ್ದದ ಬೋಟಿಗೆ ಎಐಎಸ್ ಬೇಕೇ ಬೇಕು.

ನಾನು ತಗೊಂಡಿದ್ದು ಬಿ ಕ್ಲಾಸ್, 2 ವ್ಯಾಟಿನದು. ಬೋಟು 2 ನಾಟಿಗಿಂತ (ಗಂಟೆಗೆ 2 ನಾಟಿಕಲ್ ಮೈಲಿ) ಜೋರಾಗಿ ಹೋಗ್ತಿದ್ದರೆ 30 ಸೆಕೆಂಡಿಗೊಮ್ಮೆ ‘ನಾನು ಇಲ್ಲಿದ್ದೇನೆ’ ಅಂತ ಹೇಳುತ್ತೆ. ಲಂಗರು ಹಾಕಿ ನಿಂತಿದ್ದರೆ 3 ನಿಮಿಷಕ್ಕೊಮ್ಮೆ. ಸುತ್ತಲಿನ ಹಡಗುಗಳೂ ಇದೇ ರೀತಿ ಹೇಳ್ತಾ ಇರುತ್ತವೆ, ಅವೆಲ್ಲ ನಮ್ಮ ಪರದೆ ಮೇಲೆ ತ್ರಿಕೋನಗಳಾಗಿ ಕಾಣುತ್ತವೆ.

ದುಡ್ಡಿಗೆ ಮೋಸ ಇಲ್ಲ ಅನ್ನಿಸುವುದು ರಾತ್ರಿಯಲ್ಲಿ. ಬಲೆ ಹಿಂದೆ ಎಳೀತಾ ಇರುವಾಗ ಬೋಟು ತಕ್ಷಣ ತಿರುಗಲ್ಲ, ರೋಪು ಅಷ್ಟುದ್ದ ನೀರಲ್ಲಿರುತ್ತೆ. ಎದುರಿಗೆ ಕಂಟೇನರ್ ಹಡಗಿನ ದೀಪ ಕಾಣುತ್ತೆ. ಮೊದಲು ವೈರ್‌ಲೆಸ್‌ನ 16ನೇ ಚಾನೆಲ್‌ನಲ್ಲಿ ‘ಹಡಗು, ಹಡಗು’ ಅಂತ ಗಂಟಲು ಹರಿದುಕೊಂಡರೂ ಯಾರೂ ಕೇಳ್ತಿರಲಿಲ್ಲ. ಯಾವ ಹಡಗು ಅಂತ ಅವರಿಗಾದರೂ ಹೇಗೆ ಗೊತ್ತಾಗಬೇಕು? ಈಗ ತ್ರಿಕೋನದ ಮೇಲೆ ಒತ್ತಿದರೆ ಹೆಸರು, ವೇಗ, ಎಷ್ಟು ನಿಮಿಷಕ್ಕೆ ಎಷ್ಟು ಹತ್ತಿರ ಬರುತ್ತೆ, ಎಲ್ಲ ಬರುತ್ತೆ. ನಮ್ಮ ತಾಂಡೇಲ (ಬೋಟು ನಡೆಸುವವನು) ಆ ಹಡಗಿನ ಹೆಸರು ಹಿಡಿದು ಕರೀತಾನೆ. ಆ ಕಡೆಯಿಂದ ಉತ್ತರ ಬರುತ್ತೆ, ಹಡಗು ಮೂತಿ ತಿರುಗಿಸುತ್ತೆ. ಇಷ್ಟೇ ಕೆಲಸ ಮಾಡಿದರೂ ಸಾಕು ಈ ಪೆಟ್ಟಿಗೆ.

ದೂರು ಎರಡಿವೆ. ಅಲಾರಂ ಸದ್ದು ಎಂಜಿನ್ ಗದ್ದಲದಲ್ಲಿ ಕೇಳುವುದೇ ಇಲ್ಲ, ಹೊರಗೊಂದು ಬಜರ್ ಸೇರಿಸಿಕೊಳ್ಳಬೇಕಾಯ್ತು. ಮೆನು ಪೂರ್ತಿ ಇಂಗ್ಲಿಷ್. ಪರದೆ ನೋಡುವ ಖಲಾಸಿಗಳಲ್ಲಿ ಅರ್ಧ ಜನರಿಗೆ ಕನ್ನಡ ಓದುವುದೇ ಕಷ್ಟ, ಇನ್ನು ಇಂಗ್ಲಿಷ್ ಎಲ್ಲಿಂದ ಬರಬೇಕು.

ಬಂದರಿನಲ್ಲಿ ಎಲ್ಲರೂ ಹೇಳುವ ದೂರು ಬೇರೆ. ಬಂಗಡೆ ಹಿಂಡು ಎಲ್ಲಿ ಸಿಕ್ಕಿತು ಅಂತ ಯಾರೂ ಬಾಯಿ ಬಿಡಲ್ಲ. ಈ ಪೆಟ್ಟಿಗೆ ಅದನ್ನ ಊರಿಗೆಲ್ಲ ಸಾರುತ್ತೆ. ಒಂದೇ ಜಾಗದಲ್ಲಿ ಸುತ್ತು ಹೊಡೀತಾ ಇರುವ ತ್ರಿಕೋನ ಕಂಡರೆ ಸಾಕು, ಉಳಿದ ಬೋಟುಗಳು ಅಲ್ಲಿಗೇ ಹಾಜರು. ಹಾಗಾಗಿ ಎಷ್ಟೋ ಜನ ಮೀನು ಕಂಡ ಕೂಡಲೇ ಸ್ವಿಚ್ ಆಫ್ ಮಾಡ್ತಾರೆ. ತಪ್ಪೇ, ಆದರೆ ಹೊಟ್ಟೆಪಾಡು.

ಈ ಪೆಟ್ಟಿಗೆ ಇದ್ದರೆ ಕಳ್ಳ ಬೋಟು ಗೊತ್ತಾಗುತ್ತೆ ಅನ್ನೋ ಸರ್ಕಾರದ ಲೆಕ್ಕ ಇಲ್ಲೇ ತಪ್ಪುತ್ತೆ ಅನ್ನಿಸುತ್ತೆ. ಮೀನು ಮುಚ್ಚಿಡಲು ನಾವೇ ಆಫ್ ಮಾಡ್ತೀವಿ ಅಂದ ಮೇಲೆ ಚರಸ್ ತುಂಬಿಕೊಂಡು ಬರುವವನು ಆನ್ ಇಟ್ಟುಕೊಂಡು ಬರ್ತಾನಾ? 2024ರ ಫೆಬ್ರವರಿಯಲ್ಲಿ ನೌಕಾಪಡೆ ಮತ್ತು ಎನ್‌ಸಿಬಿ (ಕೇಂದ್ರದ ಮಾದಕ ವಸ್ತು ನಿಯಂತ್ರಣ ದಳ) ಗುಜರಾತ್ ಕಡಲಲ್ಲಿ ಒಂದೇ ಬೋಟಿನಿಂದ ಸುಮಾರು 3,300 ಕೆಜಿ ಮಾದಕ ವಸ್ತು ಹಿಡಿದರು, ಬಹುಪಾಲು ಚರಸ್. ಸುಳಿವು ಕೊಟ್ಟಿದ್ದು ನಿಗಾ ವಿಮಾನ. ಅದೇ ವರ್ಷ ನವೆಂಬರಿನಲ್ಲಿ ಅಂಡಮಾನ್ ಹತ್ತಿರ ಮ್ಯಾನ್ಮಾರಿನ ಮೀನಿನ ಬೋಟಿನಲ್ಲಿ 5,500 ಕೆಜಿಗೂ ಜಾಸ್ತಿ ಮೆಥ್ ಎಂಬ ಮಾದಕ ವಸ್ತು ಸಿಕ್ಕಿತು. ಅದನ್ನೂ ಮೊದಲು ಕಂಡಿದ್ದು ಕೋಸ್ಟ್ ಗಾರ್ಡಿನ ಡಾರ್ನಿಯರ್ ವಿಮಾನವೇ.

ಆದರೂ ನಮ್ಮಲ್ಲಿ ತಪಾಸಣೆಯವರು ಬೋಟು ನಿಲ್ಲಿಸಿ, ಹತ್ತಿ, ಐಸ್ ಪೆಟ್ಟಿಗೆ ತೆಗೆಸಿ ನೋಡ್ತಾರೆ. ಅರ್ಧ ಗಂಟೆ ಹಾಳಾಗುತ್ತೆ, ಬೈಕೊಳ್ತೀವಿ, ಮುಗೀತು. ಅಮೆರಿಕದಲ್ಲಿ 2025ರ ಫೆಬ್ರವರಿಯಲ್ಲಿ ಸಿನಲೋವಾ ಕಾರ್ಟೆಲ್, ಟ್ರೆನ್ ದೆ ಅರಾಗ್ವಾ ಸೇರಿ ಮಾದಕ ವಸ್ತು, ಅಪರಾಧದ ದಂಧೆಯ 8 ಗುಂಪುಗಳನ್ನು ಭಯೋತ್ಪಾದಕರ ಪಟ್ಟಿಗೆ ಹಾಕಿದರು. ಸೆಪ್ಟೆಂಬರ್ 2ರಂದು ವೆನೆಜುವೆಲಾದಿಂದ ಹೊರಟ ಬೋಟೊಂದನ್ನು ಮಾದಕ ವಸ್ತು ಸಾಗಿಸ್ತಿದೆ ಅಂತ ಅಮೆರಿಕದವರು ಕಡಲಲ್ಲೇ ಸ್ಫೋಟಿಸಿದರು, 11 ಜನ ಸತ್ತರು ಅಂತ ಟ್ರಂಪ್ ತಾವೇ ಹೇಳಿದರು. ಆಮೇಲಿನ ಒಂದು ದಾಳಿಯಲ್ಲಿ ಸತ್ತವನು ತಮ್ಮ ದೇಶದ ಮೀನುಗಾರ ಅಂದರು ಕೊಲಂಬಿಯಾದ ಅಧ್ಯಕ್ಷ ಗುಸ್ತಾವೊ ಪೆಟ್ರೊ. ಒಳಗೆ ಮೀನಿತ್ತೋ ಕೊಕೇನ್ ಇತ್ತೋ, ಹತ್ತಿ ನೋಡದೆ ಹೇಗೆ ಹೇಳೋದು? ಇದನ್ನ ಓದಿದ ಮೇಲೆ ನಮ್ಮ ತಪಾಸಣೆಯವರ ಮೇಲೆ ಸಿಟ್ಟು ಸ್ವಲ್ಪ ಇಳಿದಿದೆ.

ಅಂಗಡಿಯ ವಿಷಯಕ್ಕೆ ಬರ್ತೀನಿ. ಪ್ರತಿ ಸೆಟ್ಟಿಗೂ 9 ಅಂಕಿಯ ಗುರುತಿನ ನಂಬರ್ ಇರುತ್ತೆ, ನಮ್ಮ ದೇಶದ್ದು 419ರಿಂದ ಶುರು. ಫಿಟ್ ಮಾಡಲು ಬಂದ ಹುಡುಗ ಫೋನಲ್ಲಿ ಮಾತಾಡ್ತಾ ಒಂದು ಅಂಕಿ ತಪ್ಪು ಒತ್ತಿ ಓಕೆ ಅಂದ. ಈ ನಂಬರ್ ಒಮ್ಮೆ ಹಾಕಿದ ಮೇಲೆ ನಾವು ಬದಲಿಸೋ ಹಾಗಿಲ್ಲ, ಸೆಟ್ಟನ್ನ ಕಂಪನಿಗೇ ಕಳಿಸಬೇಕು. ಅಲ್ಲಿವರೆಗೆ ನಮ್ಮ ಬೋಟು ಕಡಲಲ್ಲಿ ಬೇರೆ ಯಾರದೋ ನಂಬರಿನಲ್ಲಿ ಓಡಾಡ್ತಿತ್ತು. ಕಾಗದದಲ್ಲಿ ಒಂದು, ಪರದೆಯಲ್ಲಿ ಇನ್ನೊಂದು. ಕಳ್ಳಸಾಗಣೆಯವರು ಬೇಕಂತಲೇ ಮಾಡುವ ಕೆಲಸ ಇದು ಅಲ್ವಾ? ತಪಾಸಣೆಯಲ್ಲಿ ಬಿಲ್ಲು ತೋರಿಸಿ ಸಾಕಾಯ್ತು. ಅಂಗಡಿಯವರು ಸಾಗಾಟದ ಖರ್ಚನ್ನೂ ನನ್ನ ತಲೆಗೇ ಕಟ್ಟಿದರು.

ಸಣ್ಣ ಬೋಟಿನವರು ದುಡ್ಡು ಹಾಕಿ ಇದನ್ನ ತಗೊಳ್ಳೋದು ಬೇಡ. ಇಸ್ರೋ ಮಾಡಿದ ಸ್ಯಾಟಲೈಟ್ ಟ್ರಾನ್ಸ್‌ಪಾಂಡರ್ ಕೇಂದ್ರದ ಯೋಜನೆಯಲ್ಲಿ ಪುಕ್ಕಟೆ ಬರುತ್ತೆ. 364 ಕೋಟಿ ರೂಪಾಯಿ, 1 ಲಕ್ಷ ಬೋಟು, 2024ರ ಆಗಸ್ಟಿನಲ್ಲಿ ಪಾಲ್ಘರ್‌ನಲ್ಲಿ ಪ್ರಧಾನಿ ಶುರು ಮಾಡಿದ್ದು. ಮೊಬೈಲ್ ಸಿಗ್ನಲ್ ಸಿಗದ ಕಡೆಯಿಂದಲೂ ದಡಕ್ಕೆ ಸಣ್ಣ ಮೆಸೇಜು ಕಳಿಸಬಹುದು, ದಡದಿಂದಲೂ ಬರುತ್ತೆ. ಅನುಮಾನದ ಬೋಟು ಕಂಡರೆ ತಿಳಿಸಲು ನಮಗೆ ನಿಜವಾಗಿ ಬೇಕಿರುವುದು ಇಂಥದ್ದೇ. ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554 ಎಲ್ಲರ ಫೋನಿನಲ್ಲೂ ಇವೆ, ಆದರೆ ಆಳ ಕಡಲಲ್ಲಿ ಫೋನು ಎಲ್ಲಿ ಹತ್ತುತ್ತೆ?

ದೊಡ್ಡ ಬೋಟಿನವರು ತಗೊಳ್ಳಿ. ಹುಡುಗ ಓಕೆ ಒತ್ತುವ ಮೊದಲು 9 ಅಂಕಿಯನ್ನೂ ಲೈಸೆನ್ಸ್ ಕಾಗದದ ಜೊತೆ ನೀವೇ ಓದಿ ನೋಡಿ. ಆ್ಯಂಟೆನಾ ಜೋಡಣೆಗೆ ರಬ್ಬರ್ ಟೇಪು ಸುತ್ತಿಸಿ, ಇಲ್ಲಾಂದರೆ ಉಪ್ಪಿಗೆ ಹಸಿರು ಕಿಲುಬು ಹಿಡಿಯುತ್ತೆ. ಜೂನ್ 1ಕ್ಕೆ ಮೀನುಗಾರಿಕೆ ಬಂದ್ ಆದ ಕೂಡಲೇ ಪೆಟ್ಟಿಗೆ ಬಿಚ್ಚಿ ಮನೆಗೆ ಒಯ್ದಿಡಿ.