ಎಸ್ಟೇಟ್ ಜಿಪ್ಸಿಗೆ ಇರಿಡಿಯಂ ಪ್ಲಗ್ ಬೇಕಾ? ಎನ್‌ಜಿಕೆ ಎರಡೂ ಹಾಕಿ ನೋಡಿದ್ಮೇಲೆ

ಮೊದಲೇ ಹೇಳ್ಬಿಡ್ತೀನಿ, ಎನ್‌ಜಿಕೆ ಕಂಪನಿಯ ಮಾಮೂಲಿ ನಿಕಲ್ ಸ್ಪಾರ್ಕ್ ಪ್ಲಗ್ (ಸಿಲಿಂಡರ್ ಒಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸೋದು) ಬಿಕೆಆರ್6ಇ-11ಗೆ ಐದಕ್ಕೆ ನಾಲ್ಕೂವರೆ, ಅದೇ ಕಂಪನಿ ಇರಿಡಿಯಂ ಬಿಕೆಆರ್6ಇಐಎಕ್ಸ್-11ಗೆ ಮೂರು. ಇರಿಡಿಯಂ ಕೆಟ್ಟದ್ದು ಅಂತಲ್ಲ, ನಮ್ಮಂಥ ಗಾಡಿಗೆ ಅದು ದಂಡ ಅಷ್ಟೆ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಗಾಡಿ ಮಾರುತಿ ಜಿಪ್ಸಿ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸೋ ಮಾಡೆಲ್), 1298 ಸಿಸಿ ಪೆಟ್ರೋಲ್, ಹಿಂದಿನ ಸೀಟು ಕಿತ್ತು ಪಿಕಪ್ ತರ ಮಾಡ್ಕೊಂಡಿದೀವಿ, ಗೊಬ್ಬರದ ಮೂಟೆ, ಕಾಫಿ ಮೂಟೆ, ಮೋಟರ್ ಪಂಪು, ಕೆಲವೊಮ್ಮೆ ಆಳುಗಳು, ಎಲ್ಲ ಅದ್ರಲ್ಲೇ. ಮೂಡಿಗೆರೆ ಕಡೆ ತೋಟ ಇರೋರಿಗೆ ಈ ಗಾಡಿ ಬಗ್ಗೆ ಹೇಳ್ಬೇಕಾಗಿಲ್ಲ. ಡೀಸೆಲ್ ಪಿಕಪ್ ಇರೋರು ಇದನ್ನ ಓದಿ ಟೈಮ್ ವೇಸ್ಟ್ ಮಾಡ್ಕೋಬೇಡಿ, ನಿಮ್ಮದ್ರಲ್ಲಿ ಸ್ಪಾರ್ಕ್ ಪ್ಲಗ್ಗೇ ಇರಲ್ಲ, ಇರೋದು ಹೀಟರ್ ಪ್ಲಗ್, ಅದರ ಕಥೆ ಬೇರೆ.

ಸಮಸ್ಯೆ ಏನಪ್ಪ ಅಂದ್ರೆ ಮಳೆಗಾಲ ಶುರುವಾಗ್ತಿದ್ದ ಹಾಗೆ ಮಿಸ್ಸಿಂಗ್, ಅಂದ್ರೆ ಸಿಲಿಂಡರಲ್ಲಿ ಆಗಾಗ ಪೆಟ್ರೋಲ್ ಹೊತ್ತಿಕೊಳ್ಳದೆ ತಪ್ಪೋದು. ನಿಂತಲ್ಲಿ ಐಡ್ಲಿಂಗ್ ಚೆನ್ನಾಗೇ ಇರುತ್ತೆ, ಖಾಲಿ ಗಾಡೀಲಿ ಸಮತಟ್ಟು ರೋಡಲ್ಲೂ ಗೊತ್ತಾಗಲ್ಲ, ಮೂಟೆ ಹೇರ್ಕೊಂಡು ಕೊಟ್ಟಿಗೆಹಾರದ ಕಡೆ ಏರು ಹತ್ತುವಾಗ ಮೂರನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಮಾತ್ರ ಗಡಗಡ ಜರ್ಕ್, ಎಂಜಿನ್ ಚೆಕ್ ಲೈಟು ಮಿಣಮಿಣ. ಎಲ್ರೂ ಹೇಳೋದು ಒಂದೇ, "ಪ್ಲಗ್ ಹೋಗಿದೆ, ಇರಿಡಿಯಂ ಹಾಕ್ಸಿ, ಪಿಕಪ್ ಸಖತ್ ಬರುತ್ತೆ". ಸರಿ ಅಂತ ಇರಿಡಿಯಂ ಸೆಟ್ ತಂದು ಹಾಕಿದ್ದಾಯ್ತು, ಎರಡು ವಾರ ಗಾಡಿ ಹೂವಿನಂಗೆ ಓಡ್ತು, ಆಮೇಲೆ ಜೋರು ಮಳೆ ಹಿಡೀತು ನೋಡಿ, ಮತ್ತೆ ಅದೇ ರಾಗ.

ಲೋಡ್ ಇದ್ದಾಗ ಮಾತ್ರ ಯಾಕೆ ಮಿಸ್ ಹೊಡೆಯುತ್ತೆ ಅನ್ನೋದು ಗೊತ್ತಾದ್ರೆ ಅರ್ಧ ರಿಪೇರಿ ಮುಗಿದಂಗೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರ್ ಒಳಗೆ ಪ್ರೆಶರ್ ಜಾಸ್ತಿ, ಜಾಸ್ತಿ ಪ್ರೆಶರ್‌ನಲ್ಲಿ ಕಿಡಿ ಹಾರಿಸೋಕೆ ಜಾಸ್ತಿ ವೋಲ್ಟೇಜ್ ಬೇಕು. ಪ್ಲಗ್ ಸವೆದು ಗ್ಯಾಪ್ (ಕಿಡಿ ಹಾರೋ ಸಂದು) ಅಗಲ ಆದ್ರೂ ಅಷ್ಟೆ, ಇನ್ನೂ ಜಾಸ್ತಿ ಬೇಕು. ವೋಲ್ಟೇಜ್ ಏರಿಸೋ ಕಾಯಿಲ್ ಅಷ್ಟು ಕೊಡೋಕೆ ಹೋಗುತ್ತೆ, ಆದ್ರೆ ಕರೆಂಟಿಗೆ ಯಾವ ದಾರಿ ಸುಲಭವೋ ಆ ದಾರಿ, ಕಾಯಿಲ್‌ನಿಂದ ಪ್ಲಗ್‌ಗೆ ಹೋಗೋ ಹಳೇ ಎಚ್‌ಟಿ ವೈರ್ ಎಲ್ಲಾದ್ರೂ ಬಿರುಕು ಬಿಟ್ಟಿದ್ರೆ, ವೈರ್ ತುದಿಯ ರಬ್ಬರ್ ಬೂಟ್ ಒಳಗೆ ನೀರಿನ ಪಸೆ ಇದ್ರೆ, ಪ್ಲಗ್‌ಗೆ ಹೋಗೋ ಬದಲು ಅಲ್ಲೇ ಎಂಜಿನ್ ಬಾಡಿಗೆ ಇಳಿದುಬಿಡುತ್ತೆ. ಹೊಸ ಪ್ಲಗ್ ಹಾಕಿದಾಗ ಗ್ಯಾಪ್ ಸರಿಯಾಗಿರೋದ್ರಿಂದ ಕಡಿಮೆ ವೋಲ್ಟೇಜಲ್ಲೇ ಕಿಡಿ ಹಾರುತ್ತೆ, ವೈರಿನ ದೋಷ ಸ್ವಲ್ಪ ದಿನ ಮುಚ್ಚಿಹೋಗುತ್ತೆ. ಎರಡು ವಾರದ ಹೂವಿನ ಓಟದ ಗುಟ್ಟು ಇಷ್ಟೇ, ಇರಿಡಿಯಂ ಮಹಿಮೆ ಏನಲ್ಲ.

ಕಂಡುಹಿಡಿದಿದ್ದು ನಮ್ಮೂರ ಮೆಕ್ಯಾನಿಕ್. "ಸಾರ್, ರಾತ್ರಿ ಎಂಟರ ಮೇಲೆ ಗಾಡಿ ತನ್ನಿ, ಲೈಟ್ ಆಫ್ ಮಾಡಿ ನೋಡೋಣ" ಅಂದ್ರು. ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡ್ತಿರುವಾಗ ಗಿಡಕ್ಕೆ ನೀರು ಹೊಡೆಯೋ ಸಣ್ಣ ಸ್ಪ್ರೇ ಬಾಟ್ಲಲ್ಲಿ ವೈರ್ ಮೇಲೆ ಮಂಜಿನ ತರ ನೀರು ಬಿಟ್ರು, ಟ್ಯಾಪೆಟ್ ಕವರ್‌ಗೆ (ಎಂಜಿನ್ ಮೇಲಿನ ಮುಚ್ಚಳ) ತಾಗೋ ಕಡೆ ಚಟ್ ಚಟ್ ಅಂತ ನೀಲಿ ಕಿಡಿ! ಹಗಲಲ್ಲಿ ನೋಡಿದ್ರೆ ಆ ವೈರು ಹೊಸದರಂಗೇ ಕಾಣುತ್ತೆ. ನೀವು ಮಾಡೋದಾದ್ರೆ ಕೈ ದೂರ ಇಟ್ಕೊಂಡು ಮಾಡಿ, ಕೆಲವರು ಓಡೋ ಎಂಜಿನ್ನಲ್ಲಿ ಒಂದೊಂದೇ ವೈರ್ ಕಿತ್ತು ನೋಡ್ತಾರೆ, ಅದು ಬೇಡ, ಶಾಕೂ ಹೊಡೆಯುತ್ತೆ, ಕಾಯಿಲ್ಲೂ ಸಾಯುತ್ತೆ, ಸುಡದ ಪೆಟ್ರೋಲ್ ಸೈಲೆನ್ಸರ್‌ಗೆ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕೆಂಡ ಆಗುತ್ತೆ.

ವೈರ್ ಸೆಟ್ ಬದಲಾಯಿಸಿ ನಿಕಲ್ ಪ್ಲಗ್ ಹಾಕಿದ್ವಿ. ಆ ಮಳೆಗಾಲ ಪೂರ್ತಿ, ಆಮೇಲೆ ಕಾಫಿ ಕೊಯ್ಲು ಮುಗಿಯೋವರೆಗೂ ಒಂದು ಸಲ ಮಿಸ್ ಹೊಡೆದಿಲ್ಲ. ಹೊಸ ವೈರಲ್ಲಿ ಇರಿಡಿಯಂ ಸೆಟ್ಟನ್ನೂ ಮತ್ತೆ ಹಾಕಿ ನೋಡಿದೆ, ಸ್ಟಾರ್ಟಿಂಗ್ ಚಳಿಯಲ್ಲಿ ಒಂಚೂರು ಚುರುಕು ಅನ್ನಿಸ್ತು, ಏರಲ್ಲಿ ಯಾವ ವ್ಯತ್ಯಾಸವೂ ಇಲ್ಲ, ಮೈಲೇಜೂ ಅಷ್ಟೆ.

ಈಗ ದಂಡ ಅಂದಿದ್ದು ಯಾಕೆ ಅಂತ. ಇರಿಡಿಯಂ ಕರಗೋದು 2446 ಡಿಗ್ರಿಗೆ, ನಿಕಲ್ 1455ಕ್ಕೆ, ಅದಕ್ಕೇ ಇದರ ನಡುವಿನ ತುದಿಯನ್ನ 0.6 ಮಿಲಿಮೀಟರ್‌ನಷ್ಟು ತೆಳ್ಳಗೆ ಮಾಡಿದ್ರೂ ಬೇಗ ಸವೆಯಲ್ಲ, ಮಾಮೂಲಿ ಪ್ಲಗ್‌ದು ಸುಮಾರು 2.5 ಮಿಲಿಮೀಟರ್ ಇರುತ್ತೆ. ತೆಳು ತುದಿಗೆ ಕಡಿಮೆ ವೋಲ್ಟೇಜ್ ಸಾಕು, ಇದೆಲ್ಲ ನಿಜ. ಆದ್ರೆ ನಮ್ಮ ಈ ಎಂಜಿನ್ನಲ್ಲಿ ಎರಡು ಸಿಲಿಂಡರ್‌ಗೆ ಒಂದು ಕಾಯಿಲ್, 1-4 ಒಂದು ಜೋಡಿ, 2-3 ಇನ್ನೊಂದು. ಜೋಡೀಲಿ ಒಂದು ಪ್ಲಗ್‌ಗೆ ಕಿಡಿ ನಡುವಿನ ತುದಿಯಿಂದ ಅದರೆದುರು ಬಾಗಿರೋ ಹೊರಗಿನ ಕೊಂಡಿಗೆ ಹಾರಿದ್ರೆ ಇನ್ನೊಂದಕ್ಕೆ ಉಲ್ಟಾ, ಕೊಂಡಿಯಿಂದ ನಡುವಿಗೆ. ಉಲ್ಟಾ ಇರೋ ಪ್ಲಗ್‌ಗಳಲ್ಲಿ ಸವೆಯೋದು ಹೊರಗಿನ ಕೊಂಡಿ, ಈ ಐಎಕ್ಸ್ ಪ್ಲಗ್‌ನಲ್ಲಿ ಆ ಕೊಂಡಿ ಬರೀ ನಿಕಲ್! ಅಂದ್ರೆ ನಾಲ್ಕರಲ್ಲಿ ಎರಡಕ್ಕೆ ನೀವು ಕೊಟ್ಟ ಇರಿಡಿಯಂ ದುಡ್ಡು ಹೆಚ್ಚುಕಮ್ಮಿ ನೀರಿಗೆ. ಸಾಲದ್ದಕ್ಕೆ ಇಂಥ ಕಾಯಿಲ್ ಎಕ್ಸಾಸ್ಟ್ ಹೊತ್ತಲ್ಲೂ (ಸಿಲಿಂಡರ್‌ನಿಂದ ಹೊಗೆ ಹೊರಗೆ ಹೋಗುವಾಗ) ಒಂದು ಕಿಡಿ ಹಾರಿಸುತ್ತೆ, ಸವೆತ ಅದರಿಂದಲೂ ಜಾಸ್ತಿ. ನಿಕಲ್ ಹಾಕಿ, 15-20 ಸಾವಿರ ಕಿಲೋಮೀಟರ್‌ಗೆ ಎಸೆದು ಹೊಸದು ಹಾಕಿ, ಲೆಕ್ಕ ಅದೇ ಅಗ್ಗ.

ಪ್ಲಗ್ ಮೇಲಿನ ನಂಬರ್ ಸುಮ್ನೆ ಬರೆದಿರೋದಲ್ಲ. ಬಿ ಅಂದ್ರೆ 14 ಮಿಲಿಮೀಟರ್ ಥ್ರೆಡ್, ಕೆ ಅಂದ್ರೆ 16ರ ಸ್ಪ್ಯಾನರ್, ಆರ್ ಅಂದ್ರೆ ಒಳಗೆ ರೆಸಿಸ್ಟರ್, 6 ಹೀಟ್ ರೇಂಜ್ (ಪ್ಲಗ್ ತನ್ನ ಬಿಸಿಯನ್ನ ಎಷ್ಟು ಬೇಗ ಬಿಟ್ಟುಕೊಡುತ್ತೆ ಅನ್ನೋದು), ಇ ಅಂದ್ರೆ ಥ್ರೆಡ್ ಉದ್ದ 19, ಕೊನೇ 11 ಅಂದ್ರೆ ಗ್ಯಾಪ್ 1.1. ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದ್ರೆ ಪ್ಲಗ್ ಕೋಲ್ಡ್, ಅಂದ್ರೆ ಬಿಸಿ ಬೇಗ ಬಿಡೋದು, ಬಾಷ್‌ನಲ್ಲಿ ಉಲ್ಟಾ, ನಂಬರ್ ದೊಡ್ಡದಾದ್ರೆ ಹಾಟ್, ಅಂಗಡಿಯೋರು "ಎರಡೂ ಒಂದೇ ಸಾರ್" ಅಂತ ಯಾವ್ದೋ ಕೊಟ್ರೆ ತಗೋಬೇಡಿ, ನಿಮ್ಮ ಗಾಡಿ ಪುಸ್ತಕದಲ್ಲಿ ಇರೋದೇ ಕೇಳಿ.

ಡೂಪ್ಲಿಕೇಟ್ ಬೇರೆ ಬರುತ್ತೆ, ಹುಷಾರು. ಒರಿಜಿನಲ್‌ದು ವಾಷರ್ ರಿಂಗ್ ಕೈಯಲ್ಲಿ ಸುಲಭಕ್ಕೆ ಬಿಚ್ಚಿ ಬರಲ್ಲ, ಥ್ರೆಡ್ ನುಣ್ಣಗೆ ಹೊಳೀತಿರುತ್ತೆ, ಪಿಂಗಾಣಿ ಮೇಲಿನ ಅಕ್ಷರ ಚೊಕ್ಕವಾಗಿರುತ್ತೆ. ಬೆಂಗಳೂರಿಗೆ ಹೋದಾಗ ಜೆಸಿ ರೋಡಲ್ಲಿ ತಂದ್ರೂ ಇದನ್ನ ನೋಡಿಯೇ ದುಡ್ಡು ಕೊಡಿ.

ಹಳೇ ಪ್ಲಗ್ ಬಿಚ್ಚಿದಾಗ ಯಾವ ಸಿಲಿಂಡರ್‌ದು ಯಾವುದು ಅಂತ ಸಾಲಾಗಿ ಇಟ್ಟು ನೋಡಿ, ಬಿಸಾಕ್ಬೇಡಿ. ತಿಳಿ ಕಂದು ಇದ್ರೆ ಎಂಜಿನ್ ಆರೋಗ್ಯ. ಒಣ ಕಪ್ಪು ಮಸಿ ಅಂದ್ರೆ ಪೆಟ್ರೋಲ್ ಜಾಸ್ತಿ ಅಥವಾ ತೋಟದೊಳಗೆ ಬರೀ ಒಂದನೇ ಗೇರು, ಎರಡನೇ ಗೇರಲ್ಲೇ ತೆವಳೋ ಗಾಡಿ, ಮಸಿ ಸುಟ್ಟುಹೋಗುವಷ್ಟು ಪ್ಲಗ್ ಬಿಸಿ ಆಗ್ತಿಲ್ಲ, ವಾರಕ್ಕೊಂದ್ಸಲ ಮೇನ್ ರೋಡಲ್ಲಿ ಚೆನ್ನಾಗಿ ಓಡಿಸಿ. ತುದೀಲಿ ಆಯಿಲ್ ಜಿಡ್ಡು ಇದ್ರೆ ವಾಲ್ವ್ ಸೀಲ್ ಅಥವಾ ಪಿಸ್ಟನ್ ರಿಂಗು ಸವೆದಿದೆ, ಅದಕ್ಕೆ ಯಾವ ಪ್ಲಗ್ಗೂ ಔಷಧ ಅಲ್ಲ. ತುದಿ ಒಣಗಿದ್ದು ಮೇಲ್ಭಾಗ, ಬೂಟು ಮಾತ್ರ ಆಯಿಲಲ್ಲಿ ನೆಂದಿದ್ರೆ ಸಂತೋಷಪಡಿ, ಟ್ಯಾಪೆಟ್ ಕವರ್ ಕಡೆ ಸೀಲ್ ಲೀಕು, ಕಡಿಮೆ ಖರ್ಚು. ಪಿಂಗಾಣಿ ಬುಡದಲ್ಲಿ ಕಂದು ಉಂಗುರ ಕಂಡ್ರೆ ಹೆದರ್ಬೇಡಿ ಅದು ಬರೀ ಕಲೆ, ಉದ್ದುದ್ದ ಕಪ್ಪು ಗೆರೆ ಇದ್ರೆ ಮಾತ್ರ ಕಿಡಿ ಹೊರಗಿಂದ ಹಾರ್ತಿದೆ, ಪ್ಲಗ್ ಜೊತೆ ಬೂಟೂ ಬದಲಾಯಿಸ್ಬೇಕು.

ಹಾಕೋವಾಗ ಎಂಜಿನ್ ತಣ್ಣಗಿರಲಿ, ಬಿಚ್ಚೋ ಮೊದಲು ಪ್ಲಗ್ ಕೂತಿರೋ ಗುಂಡಿಯ ಧೂಳು ಗಾಳಿಯಲ್ಲಿ ಊದಿಸಿ, ಇಲ್ಲಾಂದ್ರೆ ತೋಟದ ಮಣ್ಣೆಲ್ಲ ಸಿಲಿಂಡರ್ ಒಳಗೆ. ಹೆಡ್ ಅಲ್ಯೂಮಿನಿಯಂ, ಥ್ರೆಡ್ ಅಡ್ಡ ಹೋದ್ರೆ ಸಾವಿರಗಟ್ಲೆ ಖರ್ಚು, ಅದಕ್ಕೆ ಪ್ಲಗ್ ತಲೆಗೆ ಒಂದು ಗೇಣು ಪೆಟ್ರೋಲ್ ಪೈಪ್ ಸಿಕ್ಕಿಸಿ ಅದರಲ್ಲೇ ತಿರುಗಿಸಿ, ಅಡ್ಡ ಹೋದ್ರೆ ಪೈಪ್ ಜಾರುತ್ತೆ. ಕೈಗೆ ಬಿಗಿ ಆದ್ಮೇಲೆ ಸ್ಪ್ಯಾನರಲ್ಲಿ ಅರ್ಧ ಸುತ್ತು, ಹೆಚ್ಚಂದ್ರೆ ಮುಕ್ಕಾಲಿಗೆ ಸ್ವಲ್ಪ ಕಮ್ಮಿ, ಸಾಕು. ಕಾರ್ಬುರೇಟರ್ ಜಿಪ್ಸಿ ಇರೋರು ವೈರ್ ಜೊತೆಗೆ ಡಿಸ್ಟ್ರಿಬ್ಯೂಟರ್ ಕ್ಯಾಪ್ (ಒಂದೊಂದು ಪ್ಲಗ್‌ಗೂ ಕರೆಂಟ್ ಹಂಚೋ ಡಬ್ಬಿಯ ಮುಚ್ಚಳ) ಬಿಚ್ಚಿ ಒಳಗೆ ಬೆವರಿದೆಯಾ ನೋಡಿ, ಮಳೆಗಾಲದಲ್ಲಿ ಮೊದಲು ಕೈಕೊಡೋದು ಅದೇ.