ವಾರ್ಸಿಟಿ ಜಾಕೆಟ್‌ಗೆ ಪ್ಯಾಚ್ ಸರಿಯಾ, ಕಸೂತಿ ಸರಿಯಾ? ಎರಡನ್ನೂ ಹಾಕಿಸಿ ನೋಡಿದೆ

ನನ್ನ ಬೀರುವಿನಲ್ಲಿ ಈಗ ಎರಡು ವಾರ್ಸಿಟಿ ಜಾಕೆಟ್‌ಗಳಿವೆ. ಎದೆಯ ಮೇಲೆ ದೊಡ್ಡ ಅಕ್ಷರ ಹೊತ್ತ, ಅಮೆರಿಕದ ಶಾಲೆ-ಕಾಲೇಜು ಆಟಗಾರರು ತೊಡುವ ಬಗೆಯ ಜಾಕೆಟ್ ಇದು. ಎರಡೂ ಒಂದೇ ಅಳತೆ, ಒಂದೇ ಬಟ್ಟೆ. ಮೈಗೆ ಕಡುನೀಲಿ ಉಣ್ಣೆ, ತೋಳಿಗೆ ಬಿಳಿ ಚರ್ಮ. ಒಂದರ ಮೇಲೆ ಅಕ್ಷರ, ಹೆಸರು, ಸಂಖ್ಯೆ ಎಲ್ಲವೂ ಪ್ಯಾಚ್, ಅಂದರೆ ಬೇರೆಯಾಗಿ ಮಾಡಿ ಮೇಲೆ ಹೊಲಿದ ತುಂಡು. ಇನ್ನೊಂದರ ಮೇಲೆ ಅವೇ ಎಲ್ಲ ನೇರವಾಗಿ ಬಟ್ಟೆಗೆ ಹಾಕಿದ ಮಷೀನ್ ಕಸೂತಿ.

ನಮ್ಮ ವಾಲಿಬಾಲ್ ತಂಡಕ್ಕೆ 14 ಜಾಕೆಟ್ ಮಾಡಿಸಬೇಕಿತ್ತು. ಕೆಲವರಿಗೆ ಪ್ಯಾಚ್ ಬೇಕು, ಕೆಲವರಿಗೆ ಕಸೂತಿ ಬೇಕು. ಸುಮ್ನೆ ವಾದ ಮಾಡುವುದಕ್ಕಿಂತ ಮಾದರಿಗೆ ಎರಡು ಮಾಡಿಸಿ ಹಾಕಿಕೊಂಡು ನೋಡೋಣ ಅಂತ ನಾನು ಹಟ ಹಿಡಿದೆ. ಒಂದು ಚಳಿಗಾಲ ಪೂರ್ತಿ ಅವನ್ನೇ ಬದಲಿಸಿ ಬದಲಿಸಿ ತೊಟ್ಟೆ. ಯಾವುದು ಚೆಂದ ಅನ್ನುವುದು ಮೊದಲ ವಾರದಲ್ಲೇ ಗೊತ್ತಾಗಿಬಿಡುತ್ತದೆ. ತಪ್ಪಾದಾಗ ಯಾವುದನ್ನು ಬಿಚ್ಚಿ ಸರಿಮಾಡಬಹುದು ಅನ್ನುವುದು ಗೊತ್ತಾಗಲು ಸಮಯ ಬೇಕು. ನನ್ನ ಆಯ್ಕೆಯನ್ನು ಕೊನೆಗೆ ತೀರ್ಮಾನಿಸಿದ್ದು ಆ ಎರಡನೆಯ ಪ್ರಶ್ನೆಯೇ.

ಎದೆಯ ಮೇಲಿನ ದೊಡ್ಡ ಅಕ್ಷರದಿಂದ ಶುರು ಮಾಡುತ್ತೇನೆ. ಈ ಜಾಕೆಟ್ ಅಂದ ತಕ್ಷಣ ಕಣ್ಣಿಗೆ ಕಟ್ಟುವುದೇ ಅದು, ಅಲ್ವಾ? 1865ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡ ತನ್ನ ಅಂಗಿಯ ಮೇಲೆ ‘ಎಚ್’ ಅಕ್ಷರ ಹಾಕಿಕೊಂಡಿತು. ಈ ರೂಢಿ ಬೆಳೆದದ್ದು ಅಲ್ಲಿಂದ. ಅಂಗಿ ಹೋಗಿ ಸ್ವೆಟರ್ ಬಂತು, ಆಮೇಲೆ ಜಾಕೆಟ್ ಬಂತು. ಅಕ್ಷರ ಮಾತ್ರ ಉಳಿಯಿತು. ಅಮೆರಿಕದ ಹೈಸ್ಕೂಲುಗಳಲ್ಲಿ ಇವತ್ತಿಗೂ ಆಟದಲ್ಲಿ ಹೆಸರು ಮಾಡಿದ ಮಕ್ಕಳ ಕೈಗೆ ಬರುವುದು ಆ ಅಕ್ಷರದ ಪ್ಯಾಚ್. ಜಾಕೆಟ್ ಬೇರೆಯಾಗಿ ಕೊಂಡು ಅದಕ್ಕೆ ಹೊಲಿಸಿಕೊಳ್ಳುತ್ತಾರೆ. ಅಂದರೆ ಅಕ್ಷರವೇ ಬಹುಮಾನ, ಜಾಕೆಟ್ ಅದನ್ನು ಹೊರುವ ಬಟ್ಟೆ.

ಆ ಅಕ್ಷರಕ್ಕೆ ಬಳಸುವುದು ಶೆನಿಲ್. ಕೈಯಾಡಿಸಿದರೆ ದಪ್ಪ ಟವೆಲ್ ಸವರಿದ ಹಾಗಿರುತ್ತದೆ. ಅದರ ಮಷೀನಿನಲ್ಲಿ ಕೊಕ್ಕೆಯಂಥ ಸೂಜಿ ಇರುತ್ತದೆ. ಅದು ಕೆಳಗಿನಿಂದ ದಪ್ಪ ನೂಲನ್ನು ಮೇಲಕ್ಕೆಳೆದು ಸಣ್ಣ ಸಣ್ಣ ಕುಣಿಕೆಗಳನ್ನು ಬಿಡುತ್ತಾ ಹೋಗುತ್ತದೆ. ಸುತ್ತ ಅಂಚಿಗೆ ಸರಪಳಿ ಹೊಲಿಗೆ. ಇದೆಲ್ಲ ನಡೆಯುವುದು ಫೆಲ್ಟ್ ಮೇಲೆ, ಅಂದರೆ ನೇಯದೆ ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆಯ ಮೇಲೆ. ಆ ಫೆಲ್ಟ್ ಅಂಚಿನಲ್ಲಿ ಒಂದು ಗೆರೆಯಷ್ಟು ಹೊರಗೆ ಕಾಣುವಂತೆ ಕತ್ತರಿಸುತ್ತಾರೆ. ನಮ್ಮದು ಬಿಳಿ ನೂಲು, ಕೆಂಪು ಫೆಲ್ಟ್. ಆರು ಇಂಚು ಎತ್ತರ. ಮೈದಾನದ ಆಚೆ ಬದಿಯಿಂದಲೂ ಓದಬಹುದು.

ಅದೇ ಆರು ಇಂಚಿನ ಅಕ್ಷರವನ್ನು ಎರಡನೆಯ ಜಾಕೆಟ್‌ಗೆ ನೇರ ಕಸೂತಿಯಲ್ಲಿ ಹಾಕಿಸಿದೆ. ಹತ್ತಿರದಿಂದ ನೋಡಿದರೆ ಕೆಲಸ ಅಚ್ಚುಕಟ್ಟು. ದಾರದ ಹೊಳಪೂ ಚೆನ್ನಾಗಿತ್ತು. ಆದರೆ ತೊಟ್ಟ ಮೊದಲ ದಿನವೇ ಎದೆಯ ಎಡಭಾಗ ರಟ್ಟಿನ ಹಾಗೆ ಬಿಗಿದುಕೊಂಡಿತು. ಅಷ್ಟು ದೊಡ್ಡ ಜಾಗ ತುಂಬಲು ಸಾವಿರಾರು ಹೊಲಿಗೆ ಬೀಳುತ್ತದೆ. ಹಿಂದೆ ಗಟ್ಟಿ ಪೇಪರಿನಂಥ ಆಧಾರವನ್ನೂ ಇಟ್ಟಿರುತ್ತಾರೆ. ಪ್ರತಿ ಹೊಲಿಗೆಯೂ ಬಟ್ಟೆಯನ್ನು ಒಂಚೂರು ಒಳಗೆ ಎಳೆಯುತ್ತದೆ. ಎಲ್ಲ ಸೇರಿದಾಗ ಅಕ್ಷರದ ಸುತ್ತ ಸುಕ್ಕು ಬರುತ್ತದೆ. ನನ್ನ ಜಾಕೆಟ್‌ನಲ್ಲೂ ಬಂತು. ಆವಿ ಕೊಟ್ಟರೆ ಎರಡು ದಿನ ಮಲಗುತ್ತಿತ್ತು, ಮತ್ತೆ ಏಳುತ್ತಿತ್ತು. ಉಣ್ಣೆಯ ಸಣ್ಣ ಕೂದಲು ದಾರದ ನಡುವೆ ಇಣುಕಿ, ಬಿಳಿ ಅಕ್ಷರ ಒಂದು ತಿಂಗಳಲ್ಲಿ ಮಸುಕಾಯಿತು. ಹೊಲಿಯುವಾಗ ಮೇಲೆ ನೀರಿನಲ್ಲಿ ಕರಗುವ ತೆಳು ಹಾಳೆ ಹಾಸಿದರೆ ಇದು ತುಂಬ ಕಡಿಮೆಯಾಗುತ್ತದೆ. ನಮ್ಮವರು ಹಾಸಿರಲಿಲ್ಲ. ನೀವು ಉಣ್ಣೆಯ ಮೇಲೆ ಕಸೂತಿ ಹಾಕಿಸುವುದಾದರೆ ಆ ಹಾಳೆಯ ಬಗ್ಗೆ ಮೊದಲೇ ಕೇಳಿ.

ದೊಡ್ಡ ಅಕ್ಷರಕ್ಕೆ ಶೆನಿಲ್ಲೇ. ಇದರಲ್ಲಿ ನನಗೆ ಸಂಶಯವೇ ಇಲ್ಲ.

ಹಾಗಂತ ಶೆನಿಲ್‌ಗೆ ದೋಷ ಇಲ್ಲ ಅಂತಲ್ಲ. ನಾನು ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಓಡಾಡುವವನು. ಬ್ಯಾಗಿನ ಪಟ್ಟಿ ಉಜ್ಜಿ ಉಜ್ಜಿ ಅಕ್ಷರದ ಮೇಲಿನ ಮೂಲೆ ಚಪ್ಪಟೆಯಾಯಿತು. ಒಮ್ಮೆ ಬಾಗಿಲ ಚಿಲಕಕ್ಕೆ ಒಂದು ಕುಣಿಕೆ ಸಿಕ್ಕಿ ಎಳೆ ಹೊರಬಂತು. ಆಗ ಎಳೆಯಬಾರದು. ಎಳೆದರೆ ಸ್ವೆಟರಿನ ಎಳೆಯ ಹಾಗೆ ಸಾಲಾಗಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಉಳಿದ ಕುಣಿಕೆಗಳ ಮಟ್ಟಕ್ಕೆ ಕತ್ತರಿಯಲ್ಲಿ ಕತ್ತರಿಸಿಬಿಟ್ಟರೆ ಸಾಕು, ಗೊತ್ತೇ ಆಗುವುದಿಲ್ಲ. ಚಪ್ಪಟೆಯಾದ ಜಾಗಕ್ಕೆ ಸ್ವಲ್ಪ ದೂರದಿಂದ ಆವಿ ಹಿಡಿದು ಬೆರಳಿನಿಂದ ಕೆದರಿದೆ, ಮತ್ತೆ ಎದ್ದು ನಿಂತಿತು. ಇಸ್ತ್ರಿ ಪೆಟ್ಟಿಗೆ ಮಾತ್ರ ಒತ್ತಬೇಡಿ.

ಹೆಸರಿನ ವಿಷಯಕ್ಕೆ ಬಂದರೆ ಕಥೆ ಪೂರ್ತಿ ತಿರುಗುತ್ತದೆ. ಬಲ ಎದೆಯ ಮೇಲೆ ಆಟಗಾರರ ಹೆಸರು ಇರಬೇಕು, ಕನ್ನಡದಲ್ಲೇ ಇರಬೇಕು ಅನ್ನುವುದು ನಮ್ಮೆಲ್ಲರ ಆಸೆ. ಮೊದಲು ಶೆನಿಲ್‌ನಲ್ಲಿ ಹಾಕಿಸಿ ನೋಡಿದೆ. ದಪ್ಪ ನೂಲಿಗೆ ಸಣ್ಣ ಸುತ್ತು ಬರೆಯಲು ಆಗುವುದಿಲ್ಲ. ‘ಅ’ದ ಒಳಗಿನ ಜಾಗ ಮುಚ್ಚಿಹೋಯಿತು. ಒತ್ತಕ್ಷರ ಒಂದು ಉಂಡೆಯಾಯಿತು. ತಲೆಕಟ್ಟು ಯಾವುದು, ದೀರ್ಘ ಯಾವುದು ಅಂತ ಹುಡುಕಬೇಕಾಯಿತು. ನೇರ ಕಸೂತಿಯಲ್ಲಿ ಅದೇ ಹೆಸರು ಸೊಗಸಾಗಿ ಬಂತು. ಗೆರೆಯ ಅಗಲಕ್ಕೆ ದಾರ ಒತ್ತೊತ್ತಾಗಿ ಹಾಯುವ ಸ್ಯಾಟಿನ್ ಹೊಲಿಗೆ ಕನ್ನಡದ ದುಂಡಗಿನ ಅಕ್ಷರಗಳಿಗೆ ಹೇಳಿ ಮಾಡಿಸಿದ ಹಾಗಿದೆ. ತಿರುವಿನಲ್ಲಿ ಬೆಳಕು ಬಿದ್ದರೆ ದಾರ ಮಿನುಗುತ್ತದೆ. ನನಗಂತೂ ಆ ಹೆಸರನ್ನು ನೋಡಿ ಖುಷಿಯಾಯಿತು.

ಆದರೆ ಅಳತೆ ಗಮನಿಸಬೇಕು. ಕಸೂತಿಗೆ ಸಾಮಾನ್ಯವಾಗಿ 40 ನಂಬರಿನ ದಾರ ಬಳಸುತ್ತಾರೆ. ಅದರಲ್ಲಿ ಸುಮಾರು 5 ಮಿಲಿಮೀಟರಿಗಿಂತ ಚಿಕ್ಕ ಅಕ್ಷರ ಮಾಡಿದರೆ ಗೆರೆಗಳು ಒಂದಕ್ಕೊಂದು ಅಂಟಿದ ಹಾಗಾಗುತ್ತವೆ. ನಮ್ಮ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು, ನೆನಪಿಡಿ. ಒತ್ತಕ್ಷರಕ್ಕೆ ಅಷ್ಟು ಎತ್ತರ ಸಿಗಬೇಕಾದರೆ ಮೂಲ ಅಕ್ಷರ ಅದಕ್ಕಿಂತ ಸಾಕಷ್ಟು ದೊಡ್ಡದಿರಬೇಕು. ನಾವು 18 ಮಿಲಿಮೀಟರ್ ಇಟ್ಟೆವು. ಜಾಗ ಇಲ್ಲದಿದ್ದರೆ 60 ನಂಬರಿನ ತೆಳು ದಾರ, ಅದಕ್ಕೆ ತಕ್ಕ ತೆಳು ಸೂಜಿ ಕೇಳಿ.

ಈಗ ನಮಗಾದ ತೊಂದರೆ. ಕಸೂತಿಗೆ ಮೊದಲು ಚಿತ್ರವನ್ನು ಹೊಲಿಗೆಯ ಲೆಕ್ಕಕ್ಕೆ ಬದಲಿಸಬೇಕು. ಡಿಜಿಟೈಸಿಂಗ್ ಅನ್ನುತ್ತಾರೆ. ಮಷೀನಿನವರು ಗೆಳೆಯನೊಬ್ಬನ ಹೆಸರನ್ನು ಸಾಫ್ಟ್‌ವೇರ್‌ನಲ್ಲಿ ನೇರವಾಗಿ ಟೈಪ್ ಮಾಡಿದರು. ಅದಕ್ಕೆ ಕನ್ನಡದ ಒತ್ತು ಕೂಡಿಸಲು ಬರಲಿಲ್ಲ. ಅರ್ಧಾಕ್ಷರ ಒಂದು ಕಡೆ, ಮುಂದಿನ ಅಕ್ಷರ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತವು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಹಾಗೇ ಹೊಲಿದುಬಿಟ್ಟರು. ಅವನು ಜಾಕೆಟ್ ನೋಡಿ ಮಾತಾಡಲೇ ಇಲ್ಲ. ನನಗೆ ತುಂಬ ಬೇಜಾರಾಯಿತು.

ಬಿಚ್ಚಲು ಒಂದು ಸಂಜೆ ಪೂರ್ತಿ ಹಿಡಿಯಿತು. ಹಿಂಬದಿಯಿಂದ ಬಾಬಿನ್ ದಾರವನ್ನು (ಮಷೀನಿನ ಕೆಳಗಿನ ದಾರ) ಸ್ವಲ್ಪ ಸ್ವಲ್ಪವೇ ಕತ್ತರಿಸಿ, ಮುಂದಿನಿಂದ ಮೇಲಿನ ದಾರವನ್ನು ಎತ್ತಿದೆ. ಉಣ್ಣೆಯ ಒಂದು ಗುಣ ಅಂದರೆ ಗಾಯ ಮುಚ್ಚಿಕೊಳ್ಳುತ್ತದೆ. ಆವಿ ಕೊಟ್ಟು, ಮೃದು ಬ್ರಷ್‌ನಿಂದ ಉಜ್ಜಿದರೆ ಸೂಜಿಯ ತೂತುಗಳು ಬಹುಪಾಲು ಕಾಣೆಯಾದವು. ಆಮೇಲೆ ಹೆಸರನ್ನು ಅಕ್ಷರವಾಗಿ ಅಲ್ಲ, ಚಿತ್ರವಾಗಿ ಕಳಿಸಿದೆವು. ಜಾಕೆಟ್‌ಗೆ ಹಾಕುವ ಮೊದಲು ತುಂಡು ಬಟ್ಟೆಯ ಮೇಲೆ ಹೊಲಿದು ತೋರಿಸಬೇಕು ಅಂತಲೂ ಹೇಳಿದೆವು. ಕನ್ನಡದಲ್ಲಿ ಹೆಸರು ಹಾಕಿಸುವವರು ಈ ಎರಡನ್ನು ಮಾತ್ರ ಬಿಡಬೇಡಿ.

ಅದೇ ತಪ್ಪು ತೋಳಿನ ಮೇಲೆ ಆಗಿದ್ದಿದ್ದರೆ? ತೋಳು ಚರ್ಮ. ಚರ್ಮಕ್ಕೆ ಬಿದ್ದ ತೂತು ಮುಚ್ಚಿಕೊಳ್ಳುವುದಿಲ್ಲ. ನನ್ನ ಕಸೂತಿ ಜಾಕೆಟ್‌ನ ತೋಳಿನಲ್ಲಿ ‘7’ ಅಂತ ಹಾಕಿದ್ದಾರೆ. ಒತ್ತಾದ ಸ್ಯಾಟಿನ್ ಹೊಲಿಗೆ. ಅಂಚಿನ ತೂತುಗಳು ಎಷ್ಟು ಹತ್ತಿರ ಇದ್ದವು ಅಂದರೆ, ತೋಳು ಮಡಚುವ ಜಾಗದಲ್ಲಿ ಚರ್ಮ ಅಂಚೆಚೀಟಿಯ ಅಂಚಿನ ಹಾಗೆ ಹರಿಯಲು ಶುರುವಾಯಿತು. ಕಸೂತಿ ಹಾಕುವಾಗ ತೋಳನ್ನು ಹಿಡಿದಿಡಲು ಫ್ರೇಮ್ ಬಿಗಿದ ಗುರುತು ಕೂಡ ಉಂಗುರದ ಹಾಗೆ ಉಳಿದುಬಿಟ್ಟಿದೆ. ಪ್ಯಾಚ್ ಹೊಲಿದರೂ ತೂತು ಬೀಳುತ್ತದೆ, ನಿಜ. ಆದರೆ ಅದು ಸುತ್ತ ಒಂದೇ ಸಾಲು, ದೂರ ದೂರದ ಹೊಲಿಗೆ. ಪ್ಯಾಚ್ ಬದಲಿಸಬೇಕಾದರೆ ಅದೇ ಅಳತೆಯ ಹೊಸದನ್ನು ಅದೇ ತೂತುಗಳ ಮೇಲೆ ಕೂರಿಸಬಹುದು. ಚರ್ಮದ ತೋಳಿಗೆ ನಾನು ಇನ್ನು ಕಸೂತಿ ಹಾಕಿಸುವುದಿಲ್ಲ. ತೋಳೂ ಉಣ್ಣೆಯದೇ ಆಗಿದ್ದರೆ ಈ ಭಯ ಇಲ್ಲ.

ತೋಳಿನ ಚಿಕ್ಕ ಲಾಂಛನಗಳಿಗೆ ಎರಡು ಬಗೆಯ ಪ್ಯಾಚ್ ನೋಡಿದೆ, ಕಸೂತಿ ಪ್ಯಾಚ್ ಮತ್ತು ನೇಯ್ದ ಪ್ಯಾಚ್. ನೇಯ್ದದ್ದರಲ್ಲಿ ತೆಳು ದಾರದಿಂದ ಚಿತ್ರವನ್ನೇ ನೇಯುತ್ತಾರೆ, ಹಾಗಾಗಿ ಸಣ್ಣ ಬರಹವೂ ಸ್ಪಷ್ಟ. ಆದರೆ ಚಪ್ಪಟೆ, ಶರ್ಟಿನ ಲೇಬಲ್ ನೆನಪಾಗುತ್ತದೆ. ಚೆಂಡಿನ ಚಿತ್ರಕ್ಕೆ ಕಸೂತಿ ಪ್ಯಾಚ್, ಸಣ್ಣ ಅಕ್ಷರಗಳಿದ್ದ ಮುದ್ರೆಗೆ ನೇಯ್ದದ್ದು ಆರಿಸಿದೆ.

ಬೆನ್ನಿಗೆ ತಂಡದ ಹೆಸರು. 11 ಇಂಚು ಅಗಲ. ಇಷ್ಟು ದೊಡ್ಡದನ್ನು ಪೂರ್ತಿ ಶೆನಿಲ್‌ನಲ್ಲಿ ಮಾಡಿಸಿದರೆ ಭಾರ. ಪ್ಯಾಚ್ ಜಾಕೆಟ್‌ನಲ್ಲಿ ಹಾಗೇ ಮಾಡಿಸಿದ್ದೆ. ಕುರ್ಚಿಗೆ ಒರಗಿದರೆ ಒತ್ತುತ್ತಿತ್ತು, ಕಾಲರ್ ಹಿಂದಕ್ಕೆ ಜಗ್ಗುತ್ತಿತ್ತು. ಪೂರ್ತಿ ಕಸೂತಿ ಹಾಕಿದ ಬೆನ್ನು ಇನ್ನೂ ಬಿರುಸು, ಮೇಲೆ ದೊಡ್ಡ ಸುಕ್ಕು. ಇವೆರಡಕ್ಕಿಂತ ನನಗೆ ಹಿಡಿಸಿದ್ದು ಮೂರನೆಯ ದಾರಿ. ಟ್ವಿಲ್ ಅನ್ನುವ ಓರೆ ನೇಯ್ಗೆಯ ಗಟ್ಟಿ ಬಟ್ಟೆಯಲ್ಲಿ ಅಕ್ಷರಗಳನ್ನು ಕತ್ತರಿಸಿ, ಅಂಚಿಗೆ ಮಾತ್ರ ಜಿಗ್‌ಜಾಗ್ ಹೊಲಿಗೆ ಹಾಕುವುದು. ಕೆಲವು ಆಟದ ಜೆರ್ಸಿಗಳ ಮೇಲೆ ಸಂಖ್ಯೆ ಹಾಕುವುದೂ ಹೀಗೇ. ಹಗುರ. ಬೆನ್ನು ಬಾಗಿದ ಹಾಗೆ ಬಾಗುತ್ತದೆ. ತುಂಡು ಬಟ್ಟೆಯ ಮೇಲೆ ಮಾಡಿಸಿ ನೋಡಿ ಇದನ್ನೇ ಗಟ್ಟಿ ಮಾಡಿಕೊಂಡೆ.

ಶಾಖ ಕೊಟ್ಟು ಅಂಟಿಸುವ ಪ್ಯಾಚ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದನ್ನು ಅಂಟಿಸಿದ್ದೆ, ಎರಡು ತಿಂಗಳಲ್ಲಿ ಮೂಲೆ ಎದ್ದಿತು. ಉಣ್ಣೆಯ ಮೇಲ್ಮೈ ನಯವಲ್ಲ, ಅಂಟು ಕೂದಲನ್ನು ಹಿಡಿಯುತ್ತದೆಯೇ ಹೊರತು ಬಟ್ಟೆಯನ್ನು ಹಿಡಿಯುವುದಿಲ್ಲ. ಚರ್ಮಕ್ಕಂತೂ ಅಷ್ಟು ಶಾಖ ಒಳ್ಳೆಯದಲ್ಲ, ಮುದುಡುತ್ತದೆ. ಹೊಲಿಯುವಾಗ ಜರುಗದಿರಲಿ ಅಂತ ಬೇಕಾದರೆ ಒಂದಿಷ್ಟು ಬಟ್ಟೆಯ ಅಂಟು ಹಚ್ಚಿ. ಹೊಲಿಗೆ ಮಾತ್ರ ಇರಲೇಬೇಕು.

ಇನ್ನೊಂದು ಮುಖ್ಯ ಮಾತು ಲೈನಿಂಗ್ ಬಗ್ಗೆ. ಸಿದ್ಧವಾದ ಜಾಕೆಟ್ ಮೇಲೆ ಹೊಲಿದರೆ ಸೂಜಿ ಒಳಗಿನ ಲೈನಿಂಗನ್ನೂ ಸೇರಿಸಿ ಹೊಲಿಯುತ್ತದೆ. ಒಳಗೆ ದಾರದ ಗಂಟು ಕಾಣುತ್ತದೆ. ನನ್ನ ಮೊದಲ ಜಾಕೆಟ್‌ನಲ್ಲಿ ಎದೆಯ ಅಕ್ಷರದ ಜೊತೆ ಒಳಜೇಬಿನ ಬಾಯಿಯೂ ಹೊಲಿದುಹೋಯಿತು! ಜಾಕೆಟ್ ಹೊಸದಾಗಿ ಮಾಡಿಸುವುದಾದರೆ ಲೈನಿಂಗ್ ಕೂರಿಸುವ ಮೊದಲೇ ಈ ಕೆಲಸ ಆಗಬೇಕು. ಸಿದ್ಧ ಜಾಕೆಟ್ ಆದರೆ ಲೈನಿಂಗ್‌ನ ಕೆಳಹೊಲಿಗೆ ಬಿಚ್ಚಿ, ಕೆಲಸ ಮುಗಿಸಿ, ಮತ್ತೆ ಹೊಲಿಯಲು ಹೇಳಿ.

ಅಕ್ಷರದ ಜಾಗವನ್ನು ಜಾಕೆಟ್ ತೊಟ್ಟು ನಿಂತು, ಟೈಲರ್ ಚಾಕ್‌ನಲ್ಲಿ ಗುರುತು ಮಾಡಿಸಿ. ಮೇಜಿನ ಮೇಲೆ ಹರಡಿ ಅಳೆದರೆ ಮೋಸವಾಗುತ್ತದೆ. ಮೇಜಿನ ಮೇಲೆ ನಡುವೆ ಕಂಡದ್ದು ಮೈಮೇಲೆ ಬಂದಾಗ ಕಂಕುಳ ಕಡೆ ಸರಿದಿರುತ್ತದೆ. ಕೆಂಪು ಫೆಲ್ಟ್ ಇದ್ದರೆ ಅದರ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಬೇರೆ ಫೆಲ್ಟ್ ಕೇಳಿ. ಒಂದು ಮಳೆಗೆ ಬಿಳಿ ನೂಲು ಗುಲಾಬಿ ಆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಾರ ರೇಯಾನ್ ಬೇಡ, ಪಾಲಿಯೆಸ್ಟರ್ ಇರಲಿ. ರೇಯಾನ್ ಹೊಳಪು ಚೆಂದ, ಆದರೆ ಬಿಸಿಲಿಗೆ, ಒಗೆತಕ್ಕೆ ಪಾಲಿಯೆಸ್ಟರ್ ಹೆಚ್ಚು ತಡೆಯುತ್ತದೆ.

ಹಾಗಾಗಿ 14 ಜಾಕೆಟ್‌ಗಳಿಗೆ ನಾನು ಬರೆದುಕೊಟ್ಟದ್ದು ಇಷ್ಟು. ಎಡ ಎದೆಗೆ ಶೆನಿಲ್ ಅಕ್ಷರ, ಅಂಚಿಗೆ ಹೊಲಿಗೆ. ಬಲ ಎದೆಗೆ ಕನ್ನಡದಲ್ಲಿ ಹೆಸರು, ನೇರ ಕಸೂತಿ. ಬೆನ್ನಿಗೆ ಟ್ವಿಲ್. ತೋಳಿಗೆ ಸಂಖ್ಯೆ ಮತ್ತು ಲಾಂಛನ, ಎಲ್ಲ ಹೊಲಿದ ಪ್ಯಾಚ್.

ಜಾಕೆಟ್ ಬಂದ ಮೂರು ತಿಂಗಳಿಗೆ ನಮ್ಮ ಇಬ್ಬರು ಆಟಗಾರರು ಸಂಖ್ಯೆ ಅದಲುಬದಲು ಮಾಡಿಕೊಂಡರು. ತೋಳಿನ ಎರಡು ಪ್ಯಾಚ್‌ಗಳನ್ನು ಬಿಚ್ಚಿ, ಹಳೆಯ ತೂತುಗಳಲ್ಲೇ ಸೂಜಿ ತೂರಿಸಿ, ಕೈಯಲ್ಲೇ ಹೊಲಿದೆ. ಒಂದು ತಾಸು ಹಿಡಿಯಿತು. ಯಾವ ತೋಳನ್ನು ಬಿಚ್ಚಿದ್ದು ಅಂತ ಈಗ ನನಗೂ ಹುಡುಕಿ ಹೇಳಲು ಆಗುವುದಿಲ್ಲ.